ಮೂರು ದಿನ ಹುಡುಕಿದವರು

ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ
ವಾಚನಗಳು: ಸಿರಾಖ 3:2-6, 12-14; ಕೊಲೊಸ್ಸೆ 3:12-21; ಮತ್ತಾಯ 2:13-15, 19-23



ಕ್ರಿಸ್ತಜಯಂತಿಗೆ ಕಟ್ಟಿದ ಗೋದಲಿಯನ್ನು ನಾವಿನ್ನೂ ಬಿಚ್ಚಿಲ್ಲ. ಬಾಗಿಲಲ್ಲಿ ನಕ್ಷತ್ರ ಇನ್ನೂ ಬೆಳಗುತ್ತಿದೆ. ಆದರೆ ಇಂದಿನ ಶುಭಸಂದೇಶದಲ್ಲಿ ಆ ಗೋದಲಿಯ ಕುಟುಂಬ ಆಗಲೇ ಗಂಟುಮೂಟೆ ಕಟ್ಟಿ ನಿಂತಿದೆ. ಹೆರೋದ ಅರಸನು ಕೂಸನ್ನು ಕೊಲ್ಲಲು ಹುಡುಕುತ್ತಿದ್ದಾನೆ. ಸಂತ ಜೋಸೆಫರು ರಾತ್ರೋರಾತ್ರಿ ಎದ್ದು, ತಾಯಿ ಮಗುವನ್ನು ಕರೆದುಕೊಂಡು ಈಜಿಪ್ಟಿನ ಹಾದಿ ಹಿಡಿಯುತ್ತಾರೆ.

ಈ ಪ್ರಯಾಣವನ್ನು ಬೇರೆ ಕಡೆಯವರಿಗೆ ಬಿಡಿಸಿ ಹೇಳಬೇಕಾದೀತು. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯವರಾದ ನಿಮಗೆ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಟ್ಟಿದಲ್ಲಿ ಭತ್ತದ ಗದ್ದೆ, ಮುಟ್ಟದಲ್ಲಿ ತೊಗರಿ, ಹತ್ತಿ, ಜೋಳದ ಒಣಭೂಮಿ. ಮಳೆ ಕೈಕೊಟ್ಟ ವರ್ಷ ಮನೆಗಳಿಗೆ ಬೀಗ ಬೀಳುತ್ತದೆ. ರಾತ್ರಿ ಬಸ್ಸಿಗೆ ಗಂಟು ಏರಿಸಿ ಬೆಂಗಳೂರಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಜನ ಹೊರಡುತ್ತಾರೆ. ಇದಕ್ಕೆ ನಮ್ಮಲ್ಲಿ ಗುಳೆ ಎನ್ನುತ್ತಾರೆ. ಹೆರೋದನ ಕತ್ತಿ ಬೇರೆ, ಹೊಟ್ಟೆಯ ಹಸಿವು ಬೇರೆ, ನಿಜ. ಆದರೂ ಕತ್ತಲಲ್ಲಿ ಮಗುವನ್ನು ಎತ್ತಿಕೊಂಡು ಹೊರಟ ಜೋಸೆಫರ ಎದೆಯೊಳಗಿನ ಅಳುಕು ನಿಮಗೆ ಅರ್ಥವಾದಷ್ಟು ನನಗೆ ಅರ್ಥವಾಗಲಾರದು.

ಒಂದು ವ್ಯತ್ಯಾಸ ಮಾತ್ರ ಇದೆ. ಜೋಸೆಫರು ಮಗುವನ್ನು ಜೊತೆಯಲ್ಲೇ ಒಯ್ದರು. ನಾವು ಸಣ್ಣ ಮಕ್ಕಳನ್ನು ಒಯ್ಯುತ್ತೇವೆ. ಹೈಸ್ಕೂಲು, ಕಾಲೇಜು ಓದುವ ಮಕ್ಕಳನ್ನು ಅಜ್ಜಿಯ ಬಳಿಯೋ ಹಾಸ್ಟೆಲಿನಲ್ಲೋ ಬಿಟ್ಟು ಹೋಗುತ್ತೇವೆ. ಅವರ ಓದು ನಿಲ್ಲಬಾರದೆಂಬ ಪ್ರೀತಿಯಿಂದಲೇ ಬಿಡುತ್ತೇವೆ. ಆದರೆ ಹದಿಹರೆಯವೆಂಬುದು ಎಂಥ ವಯಸ್ಸು ನೋಡಿ! ಚಿಕ್ಕಂದಿನಲ್ಲಿ ಅಮ್ಮ ಹೇಳಿಸುತ್ತಿದ್ದ ಪ್ರಾರ್ಥನೆ ನಿಂತುಹೋಗಿರುತ್ತದೆ. ತಾನೇ ದೇವರೊಡನೆ ಮಾತನಾಡುವ ಪ್ರಾರ್ಥನೆ ಇನ್ನೂ ಶುರುವಾಗಿರುವುದಿಲ್ಲ. ಈ ನಡುದಾರಿಯಲ್ಲಿ ಅವರ ವಿಶ್ವಾಸದ ಕೈ ಹಿಡಿಯುವವರು ಯಾರು? ಇಂದು ನಾವೆಲ್ಲರೂ ಯೋಚಿಸಬೇಕಾದ ಪ್ರಶ್ನೆ ಇದೊಂದೇ.

ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ನಾನು ಈ ಭಾಗಕ್ಕೆ ಬಂದ ಹೊಸದು. ಎಸ್ಸೆಸ್ಸೆಲ್ಸಿ ಓದುತ್ತಿದ್ದ ಒಬ್ಬ ಹುಡುಗ ನಾಲ್ಕು ಭಾನುವಾರ ಪೂಜೆಗೂ ಬರಲಿಲ್ಲ, ಧರ್ಮೋಪದೇಶಕ್ಕೂ ಬರಲಿಲ್ಲ. ಐದನೆಯ ಭಾನುವಾರ ಬಂದು ಹಿಂದಿನ ಗೋಡೆಗೆ ಒರಗಿ ನಿಂತ. ಪೂಜೆಯ ಕೊನೆಯಲ್ಲಿ ಪ್ರಕಟಣೆಗಳನ್ನು ಓದುವಾಗ ನಾನು ಅವನನ್ನು ಎಲ್ಲರೆದುರು ಹೆಸರು ಹಿಡಿದು ಕರೆದು, “ದೇವರಿಗಿಂತ ನಿನಗೆ ಮೊಬೈಲು ದೊಡ್ಡದಾಯಿತೇನಪ್ಪಾ?” ಎಂದು ಕೇಳಿದೆ. ನಾಲ್ಕಾರು ಜನ ನಕ್ಕರು. ಅವನು ತಲೆ ತಗ್ಗಿಸಿದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಬುದ್ಧಿ ಬಂದಾಗ ತಾನೇ ಬರುತ್ತಾನೆ ಎಂದು ನಾನು ಸುಮ್ಮನಿದ್ದೆ. ಹಾಗೆಯೇ ಐದು ತಿಂಗಳು ಕಳೆದವು.

ಒಂದು ಸಂಜೆ ಅವನ ಅಜ್ಜಿ ಬಂದರು. ಜಗುಲಿಯ ಮೇಲೆ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: “ಸ್ವಾಮೇರ, ನಮ್ಮ ಹುಡುಗನ ಕಡೆ ಮೊಬೈಲೇ ಇಲ್ರಿ. ಅವರಪ್ಪ ಅವ್ವ ಬೆಂಗಳೂರಾಗ ಅದಾರ. ಐತಾರ ಹತ್ತಿ ಬಿಡಿಸಾಕ ಹೋಗ್ತಿದ್ದ, ಪರೀಕ್ಷಾ ಫೀ ಕಟ್ಟಬೇಕಾಗಿತ್ರಿ. ನೀವು ಬೈದ್ರಿ. ದೊಡ್ಡವ್ರು, ಬೈರಿ. ಆದ್ರ ಯಾಕ ಬರಲಿಲ್ಲಂತ ಒಂದ್ ಮಾತು ಕೇಳಲಿಲ್ಲಲ್ರಿ.”

ಸೆಮಿನರಿಯಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ, ದೈವಶಾಸ್ತ್ರ ಓದಿದವನು ನಾನು. ಅಲ್ಲಿ ಕಲಿಯದಿದ್ದುದನ್ನು ಆ ತಾಯಿ ಒಂದು ನಿಮಿಷದಲ್ಲಿ ಕಲಿಸಿದರು. ಇಂದಿನ ಎರಡನೆಯ ವಾಚನದ ಕೊನೆಯಲ್ಲಿ ಸಂತ ಪೌಲರು ತಂದೆಯಂದಿರಿಗೆ ಹೇಳುವುದೂ ಇದನ್ನೇ: ಮಕ್ಕಳನ್ನು ಕೆಣಕಬೇಡಿ, ಅವರು ಎದೆಗುಂದುವಂತೆ ಮಾಡಬೇಡಿ. ಮಕ್ಕಳು ತಂದೆತಾಯಿಗೆ ವಿಧೇಯರಾಗಿರಬೇಕೆಂಬ ಮಾತನ್ನು ನಾವು ಗಟ್ಟಿಯಾಗಿ ಓದುತ್ತೇವೆ. ಅದರ ಬೆನ್ನಿಗೇ ಬರುವ ಈ ಮಾತನ್ನು ಮೆಲ್ಲಗೆ ಓದಿ ಮುಗಿಸುತ್ತೇವೆ. ‘ಫಾದರ್’ ಎಂದು ಕರೆಯಿಸಿಕೊಳ್ಳುವ ನನಗೇ ಈ ಮಾತು ಮೊದಲು ಅನ್ವಯಿಸುತ್ತದೆ.

ಹದಿಹರೆಯದ ಹೊಸ್ತಿಲಲ್ಲಿದ್ದ ಯೇಸುವಿನ ಬಗ್ಗೆ ಶುಭಸಂದೇಶಗಳು ಹೇಳುವುದು ಒಂದೇ ಒಂದು ಘಟನೆಯನ್ನು. ಸಂತ ಲೂಕರ ಎರಡನೆಯ ಅಧ್ಯಾಯದಲ್ಲಿ ಅದಿದೆ. ಹನ್ನೆರಡು ವರ್ಷದ ಬಾಲಕ ತಂದೆತಾಯಿಯೊಂದಿಗೆ ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಹೋಗುತ್ತಾನೆ. ನಜರೇತಿನಿಂದ ಅದು ದಿನಗಟ್ಟಲೆ ನಡೆಯುವ ಹಾದಿ. ಯುಗಾದಿಯ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟ ಗುಂಪುಗಳನ್ನು ನಮ್ಮ ರಸ್ತೆಗಳಲ್ಲಿ ನೀವು ನೋಡಿದ್ದೀರಿ. ಊರಿಗೆ ಊರೇ ಜೊತೆಯಾಗಿ ನಡೆಯುತ್ತದೆ. ಹುಡುಗರು ಒಮ್ಮೆ ಮುಂದಿನ ಗುಂಪಿನಲ್ಲಿ, ಒಮ್ಮೆ ಹಿಂದಿನ ಗುಂಪಿನಲ್ಲಿ. ಮಗ ಎಲ್ಲೋ ನಮ್ಮವರ ನಡುವೆಯೇ ಇದ್ದಾನೆ ಎಂದು ಮರಿಯಮ್ಮನವರೂ ಜೋಸೆಫರೂ ಅಂದುಕೊಂಡುದರಲ್ಲಿ ಆಶ್ಚರ್ಯವಿಲ್ಲ. ಒಂದು ದಿನದ ದಾರಿ ನಡೆದ ಮೇಲೆ ಮಗ ಕಾಣುತ್ತಿಲ್ಲವೆಂದು ತಿಳಿಯಿತು.

ಲೋಕದಲ್ಲೇ ಅತ್ಯಂತ ಪವಿತ್ರವಾದ ಕುಟುಂಬದಲ್ಲೂ ಮಗ ಒಮ್ಮೆ ಕಾಣದಾದ! ತಂದೆತಾಯಿಗಳೇ, ನಿಮ್ಮ ಮಗನೋ ಮಗಳೋ ದೇವಾಲಯದಿಂದ ದೂರ ಸರಿಯುತ್ತಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಆಮೇಲೆ ಆ ತಂದೆತಾಯಿ ಏನು ಮಾಡಿದರೆಂಬುದನ್ನು ಮಾತ್ರ ಗಮನವಿಟ್ಟು ನೋಡಿ.

ಮೊದಲನೆಯದಾಗಿ, ಅವರು ಹಿಂದಿರುಗಿ ಹೋಗಿ ಹುಡುಕಿದರು. ಬಂಧುಗಳಲ್ಲಿ ಕೇಳಿದರು, ಪರಿಚಯದವರಲ್ಲಿ ಕೇಳಿದರು, ನಡೆದ ದಾರಿಯನ್ನು ಮತ್ತೆ ನಡೆದರು. ಬೇಕಾದರೆ ಅವನೇ ನಜರೇತಿಗೆ ಬರಲಿ ಎನ್ನಲಿಲ್ಲ. ಬೇರೆಯವರನ್ನು ಕಳುಹಿಸಲೂ ಇಲ್ಲ. ಇಬ್ಬರೂ ಹೋದರು. ನಮ್ಮಲ್ಲಿ ಮಗಳಿಗೆ ಪ್ರಾರ್ಥನೆ ಕಲಿಸುವುದು ತಾಯಿಯ ಕೆಲಸ, ಫೀ ಕಟ್ಟುವುದು ತಂದೆಯ ಕೆಲಸ ಎಂದಾಗಿಬಿಟ್ಟಿದೆ. ಮಗನನ್ನು ಹುಡುಕುವಾಗ ಜೋಸೆಫರು ಮನೆಯಲ್ಲಿ ಕುಳಿತಿರಲಿಲ್ಲ.

ಎರಡನೆಯದಾಗಿ, ಸಿಕ್ಕಿದ ಮೇಲೆ ಆ ತಾಯಿ ಮೊದಲು ಆಡಿದ ಮಾತು ‘ಮಗನೇ’ ಎಂದು. ಅನಂತರ ಬಂದದ್ದು ಪ್ರಶ್ನೆ: ಹೀಗೇಕೆ ಮಾಡಿದೆ? ಆಮೇಲೆ ತಮ್ಮ ನೋವನ್ನು ಹೇಳಿಕೊಂಡರು. ಮೊದಲು ಸಂಬಂಧ, ಆಮೇಲೆ ಪ್ರಶ್ನೆ, ಆಮೇಲೆ ತಮ್ಮ ಸಂಕಟ. ತೀರ್ಪನ್ನು ಮಾತ್ರ ಅವರು ಕೊಡಲೇ ಇಲ್ಲ. ನಾನು ಆ ಹುಡುಗನಿಗೆ ಮೊದಲೇ ತೀರ್ಪು ಕೊಟ್ಟೆ. ಪ್ರಶ್ನೆ ಕೇಳಿದ ಹಾಗೆ ಮಾಡಿದೆ, ಉತ್ತರಕ್ಕೆ ಜಾಗ ಬಿಡಲಿಲ್ಲ.

ಮೂರನೆಯದಾಗಿ, ಮಗ ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲ. ಹಾಗೆಂದು ಶುಭಸಂದೇಶವೇ ಹೇಳುತ್ತದೆ. ಆದರೂ ಮರಿಯಮ್ಮನವರು ಆ ಮಾತನ್ನು ತಳ್ಳಿಹಾಕಲಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡರು. ನಮ್ಮ ಮಕ್ಕಳ ಮಾತು ನಮಗೂ ಎಷ್ಟೋ ಸಲ ಅರ್ಥವಾಗುವುದಿಲ್ಲ. ಅರ್ಥವಾಗದ್ದೆಲ್ಲ ಅಧಿಕಪ್ರಸಂಗವಲ್ಲ.

ಇನ್ನೊಂದು ವಿಷಯ. ಮಗ ಸಿಕ್ಕಿದಾಗ ಏನು ಮಾಡುತ್ತಿದ್ದ? ಬೋಧಕರ ನಡುವೆ ಕುಳಿತು ಕೇಳಿಸಿಕೊಳ್ಳುತ್ತಿದ್ದ, ಪ್ರಶ್ನೆ ಹಾಕುತ್ತಿದ್ದ. ಹಿರಿಯರು ಅವನನ್ನು ಎಬ್ಬಿಸಿ ಕಳುಹಿಸಲಿಲ್ಲ, ಬೆರಗಾದರು. ಪ್ರಶ್ನೆ ಕೇಳುವ ಹುಡುಗ ದೇವಾಲಯದೊಳಗೇ ಇದ್ದಾನೆ. ಪ್ರಶ್ನೆ ಕೇಳಬೇಡ ಎಂದು ಗದರಿಸಿದಾಗಲೇ ಅವನು ಹೊರಗೆ ಹೋಗುವುದು.

ನಮ್ಮ ಮಕ್ಕಳ ಪ್ರಶ್ನೆಗಳು ಯಾವುವು? ತರಗತಿಯಲ್ಲಿ ಅರವತ್ತು ಮಕ್ಕಳಿದ್ದರೆ ಕ್ರೈಸ್ತ ಮಗು ಒಂದೋ ಎರಡೋ. “ನಿಮ್ಮದು ಹೊರಗಿನ ಧರ್ಮವಂತೆ, ಹೌದಾ?” ಎಂದು ಗೆಳೆಯರು ಕೇಳುತ್ತಾರೆ. ಮಗು ಮನೆಗೆ ಬಂದು ನಮ್ಮನ್ನು ಕೇಳುತ್ತದೆ. ನಮಗೆ ಉತ್ತರ ಗೊತ್ತಿರುವುದಿಲ್ಲ. ಹಾಗಾದರೆ ಕೇಳಿ. ಇದೇ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ, ಬಿಜಾಪುರದ ಆದಿಲ್‌ಶಾಹಿ ಅರಸರ ಕಾಲದಲ್ಲಿಯೇ, ಗೋವೆಯಿಂದ ಬಂದ ಗುರುಗಳ ಸೇವೆಯಿಂದ ಕ್ರೈಸ್ತ ಸಮುದಾಯ ಬೆಳೆದಿತ್ತು. ನಾಲ್ಕು ನೂರು ವರ್ಷಗಳಿಗೂ ಹಿಂದಿನ ಮಾತು ಇದು. ಅರಸರು ಬದಲಾದರು, ಕೋಟೆ ಕೈಯಿಂದ ಕೈಗೆ ಹೋಯಿತು, ಬರಗಾಲಗಳು ಬಂದುಹೋದವು. ವಿಶ್ವಾಸ ಮನೆಯಿಂದ ಮನೆಗೆ ದಾಟಿ ಬಂತು. ಅದೇ ಮುದಗಲ್ಲಿನ ಮೊಹರಂ ಹಬ್ಬಕ್ಕೆ ಜಾತಿ ಮತದ ಭೇದವಿಲ್ಲದೆ ಸುತ್ತಲಿನ ಜನ ಸೇರುವುದನ್ನೂ ನೀವು ಕಂಡಿದ್ದೀರಿ. ಇಂಥ ನೆಲದಲ್ಲಿ ಬೇರು ಬಿಟ್ಟ ವಿಶ್ವಾಸ ನಮ್ಮದು. ತನ್ನ ವಿಶ್ವಾಸದಲ್ಲಿ ಗಟ್ಟಿಯಾಗಿರುವವನು ನೆರೆಯವನ ಹಬ್ಬವನ್ನು ಕಂಡು ಅಂಜುವುದಿಲ್ಲ, ಹೀಯಾಳಿಸುವುದೂ ಇಲ್ಲ.

ಈಗ ಹದಿಹರೆಯದ ಮಕ್ಕಳೇ, ನಿಮ್ಮೊಂದಿಗೆ ಎರಡು ಮಾತು.

ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿರುವುದು ನಿಮಗೆ ಗೊತ್ತು. ಶಾಲೆಯಿಂದ ಹೋಗಿ ನೋಡಿಯೂ ಇದ್ದೀರಿ. ಅದು ಬೆಳಕಿಗೆ ಬಂದದ್ದು 1915ರಲ್ಲಿ, ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಅವರಿಂದ. ಅದಕ್ಕೆ ಮುನ್ನ ದೇಶದ ಬೇರೆ ಬೇರೆ ಕಡೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಆ ಬಿರುದಿನ ಅರಸನು ಅಶೋಕನೇ ಇರಬೇಕೆಂದು ವಿದ್ವಾಂಸರು ತರ್ಕಿಸಿದ್ದರು. ಮಸ್ಕಿಯ ಬಂಡೆಯ ಮೇಲೆ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಕಾಣಿಸಿತು. ಬಿರುದಿನವನೂ ಹೆಸರಿನವನೂ ಒಬ್ಬನೇ ಎಂಬುದು ಖಚಿತವಾಯಿತು.

ಮಕ್ಕಳೇ, ನಿಮ್ಮಲ್ಲಿ ಹಲವರಿಗೆ ಎರಡು ಹೆಸರುಗಳಿವೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು, ದೀಕ್ಷಾಸ್ನಾನದ ದಾಖಲೆಯಲ್ಲಿ ಇನ್ನೊಂದು. ಅದರ ಹಿಂದಿನ ಕಾರಣಗಳು ನಿಮ್ಮ ಹಿರಿಯರಿಗೂ ಗೊತ್ತು, ನನಗೂ ಗೊತ್ತು. ಅದಕ್ಕಾಗಿ ನಾನು ಯಾರನ್ನೂ ದೂರುವುದಿಲ್ಲ. ನಾನು ಕೇಳುವುದಿಷ್ಟೇ: ಹೆಸರು ಎರಡಾದರೂ ಮನುಷ್ಯ ಒಬ್ಬನೇ ಆಗಿರಲಿ. ಭಾನುವಾರ ಪರಮಪ್ರಸಾದ ಸ್ವೀಕರಿಸುವ ನೀನು, ಸೋಮವಾರ ಪರೀಕ್ಷೆಯಲ್ಲಿ ಕಾಪಿ ಹೊಡೆಯದ ನೀನೇ ಆಗಿರಬೇಕು. ಜಪಮಾಲೆ ಹಿಡಿಯುವ ಕೈ, ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿಯೊಬ್ಬಳನ್ನು ಚುಡಾಯಿಸುವವರನ್ನು ತಡೆಯುವ ಕೈಯೂ ಆಗಿರಬೇಕು. ನಿನ್ನನ್ನು ಹೆಸರು ಹಿಡಿದು ಕರೆದಿದ್ದೇನೆ, ನೀನು ನನ್ನವನು ಎಂಬ ದೇವರ ಭರವಸೆ ಪ್ರವಾದಿ ಯೆಶಾಯನ ಗ್ರಂಥದ 43ನೆಯ ಅಧ್ಯಾಯದಲ್ಲಿದೆ. ಲೋಕ ನಿಮ್ಮನ್ನು ಏನೆಂದಾದರೂ ಕರೆಯಲಿ, ಆ ಹೆಸರನ್ನು ದೇವರು ಬಂಡೆಗಿಂತ ಗಟ್ಟಿಯಾಗಿ ಬರೆದಿಟ್ಟಿದ್ದಾನೆ.

ವಿಶ್ವಾಸವೆಂದರೆ ಮುದುಕರ ಕೆಲಸ ಎಂದು ನಿಮಗೆ ಅನ್ನಿಸಬಹುದು. 2025ರ ಸೆಪ್ಟೆಂಬರ್ 7ರಂದು ಜಗದ್ಗುರು 14ನೆಯ ಲಿಯೋರವರು ಸಂತ ಪದವಿಗೆ ಏರಿಸಿದ ಕಾರ್ಲೊ ಅಕುಟಿಸ್ ತೀರಿಕೊಂಡಾಗ ಅವನ ವಯಸ್ಸು ಹದಿನೈದು. 1991ರಲ್ಲಿ ಹುಟ್ಟಿ, ಇಟಲಿಯ ಮಿಲಾನ್ ನಗರದಲ್ಲಿ ಬೆಳೆದು, 2006ರ ಅಕ್ಟೋಬರ್ 12ರಂದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ಜೀನ್ಸ್ ತೊಟ್ಟು, ಕಂಪ್ಯೂಟರ್ ಕಲಿತು, ವಿಡಿಯೋ ಗೇಮ್ ಆಡಿದ ಹುಡುಗ. ಆದರೆ ಆಟಕ್ಕೆ ವಾರಕ್ಕೆ ಒಂದೇ ಗಂಟೆ ಎಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದನಂತೆ. ತನಗೆ ಗೊತ್ತಿದ್ದ ಕಂಪ್ಯೂಟರ್ ವಿದ್ಯೆಯಿಂದಲೇ ಪರಮಪ್ರಸಾದದ ಅದ್ಭುತಗಳನ್ನು ಪಟ್ಟಿ ಮಾಡಿ ಜಗತ್ತಿಗೆ ತಿಳಿಸಿದ. ಪೂಜೆಯಿಂದ ದೂರವಿದ್ದ ತನ್ನನ್ನು ಮತ್ತೆ ದೇವಾಲಯಕ್ಕೆ ಕರೆತಂದವನು ಮಗನೇ ಎಂದು ಅವನ ತಾಯಿ ಹೇಳಿದ್ದಾರೆ. ಮಕ್ಕಳೇ, ದಾರಿ ತೋರಿಸುವವರು ಯಾವಾಗಲೂ ದೊಡ್ಡವರೇ ಆಗಬೇಕಿಲ್ಲ. ನಿಮ್ಮ ಮನೆಯಲ್ಲಿ ಪ್ರಾರ್ಥನೆ ನಿಂತಿದ್ದರೆ ಇಂದು ರಾತ್ರಿ ನೀವೇ ಮೇಣದಬತ್ತಿ ಹಚ್ಚಿ.

ಪ್ರೀತಿಯ ಹಿರಿಯರೇ, 2024ರ ಆಗಸ್ಟ್ 10ರ ರಾತ್ರಿ ನಿಮಗೆ ನೆನಪಿದೆ. ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ನೀರು ನದಿಗೆ ಹರಿದುಹೋಗುತ್ತಿದ್ದರೆ ಸಿಂಧನೂರಿನ ರೈತನ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಹೊಟೇಲಿನಲ್ಲಿ, ಬಸ್ಸಿನಲ್ಲಿ, ದೇವಾಲಯದ ಅಂಗಳದಲ್ಲಿ ಅದೇ ಮಾತು. ಜಲಾಶಯ ಬರಿದಾಗಲಿ, ಆಮೇಲೆ ನೋಡೋಣ ಎಂದು ಯಾರೂ ಕೂರಲಿಲ್ಲ. ನೀರು ಹರಿಯುತ್ತಿರುವಾಗಲೇ ಕಬ್ಬಿಣದ ಹಲಗೆಗಳನ್ನು ಇಳಿಸಿ ವಾರ ಹತ್ತು ದಿನದೊಳಗೆ ತಡೆದರು. ನೀರಿಗಾಗಿ ಪಟ್ಟ ಆತಂಕದಲ್ಲಿ ಅರ್ಧವನ್ನಾದರೂ ನಾವು ಮಕ್ಕಳಿಗಾಗಿ ಪಟ್ಟಿದ್ದೇವೆಯೇ? ಮಗು ಒಂದು ಭಾನುವಾರ ಕಾಣಲಿಲ್ಲ, ನಾಲ್ಕು ಭಾನುವಾರ ಕಾಣಲಿಲ್ಲ. ನಾವು ಲೆಕ್ಕ ಬರೆದುಕೊಂಡೆವು, ಬೈದೆವು, ಮರೆತೆವು.

ಆದ್ದರಿಂದ ಈ ಹಬ್ಬದಂದು ನಾಲ್ಕು ಸಣ್ಣ ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದು: ಯಾವ ಹುಡುಗ ಹುಡುಗಿ ಭಾನುವಾರ ಕಾಣಲಿಲ್ಲವೋ, ಅವರ ಮನೆಗೆ ಬುಧವಾರದೊಳಗೆ ನಮ್ಮಲ್ಲಿ ಒಬ್ಬರು ಹೋಗಬೇಕು. ಮೂರು ದಿನ, ಅಷ್ಟೇ. ಹೋದವರು ಬುದ್ಧಿ ಹೇಳಬಾರದು. “ಆರಾಮ ಅದಿಯೇನಪ್ಪಾ?” ಎಂದು ಕೇಳಿ, ಒಂದು ಲೋಟ ನೀರು ಕುಡಿದು, ಅವರು ಹೇಳಿದ್ದನ್ನು ಕೇಳಿಸಿಕೊಂಡು ಬರಬೇಕು.

ಎರಡು: ಗುಳೆ ಹೋದ ತಂದೆತಾಯಿಗಳು ರಾತ್ರಿ ಊಟಕ್ಕೆ ಮುಂಚೆ ಮನೆಗೆ ಫೋನು ಮಾಡಿ, ಮಕ್ಕಳೊಂದಿಗೆ ಜಪಮಾಲೆಯ ಒಂದು ದಶಕವನ್ನಾದರೂ ಹೇಳಲಿ. ಮನೆಯಲ್ಲಿ ಫೋನಿಲ್ಲದಿದ್ದರೆ ಪಕ್ಕದ ಮನೆಯವರು ತಮ್ಮ ಫೋನು ಕೊಡಲಿ. ಐದು ನಿಮಿಷದ ಕೆಲಸ. ದುಡ್ಡು ಬಂತೇ, ಫೀ ಕಟ್ಟಿದೆಯಾ ಎಂಬುದರ ಜೊತೆಗೆ ಮಗು ತಾಯಿಯ ದನಿಯಲ್ಲಿ ಪ್ರಾರ್ಥನೆಯನ್ನೂ ಕೇಳಲಿ.

ಮೂರು: ಹದಿಹರೆಯದವರಿಗೆ ದೇವಾಲಯದಲ್ಲಿ ಕೆಲಸ ಕೊಡಿ. ವಾಚನ ಓದಲಿ, ತಬಲಾ ಬಾರಿಸಲಿ, ಸಣ್ಣ ಮಕ್ಕಳಿಗೆ ಪ್ರಾರ್ಥನೆ ಕಲಿಸಲಿ. ಹಬ್ಬದಂದು ಕುರ್ಚಿ ಹೊರುವುದಕ್ಕೆ ಮಾತ್ರ ಅವರನ್ನು ಕರೆಯಬೇಡಿ. ವಾಚನದಲ್ಲಿ ತಪ್ಪಿದರೆ ನಗಬೇಡಿ.

ನಾಲ್ಕು: ತಿಂಗಳಿಗೆ ಒಂದು ಭಾನುವಾರ ಪೂಜೆಯ ನಂತರ ನಾನು ಅವರೊಂದಿಗೆ ಕೂರುತ್ತೇನೆ. ಯಾವ ಪ್ರಶ್ನೆಯನ್ನಾದರೂ ಅವರು ಕೇಳಬಹುದು. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇನೆ, ಓದಿ ತಿಳಿದು ಮುಂದಿನ ತಿಂಗಳು ಹೇಳುತ್ತೇನೆ.

ಆ ಹುಡುಗನ ಕಥೆ ಏನಾಯಿತು ಎಂದು ನೀವು ಕೇಳಬಹುದು. ಅಜ್ಜಿ ಬಂದುಹೋದ ಮರುದಿನ ನಾನು ಅವರ ಊರಿಗೆ ಹೋದೆ. ಅವನು ಬೇವಿನ ಮರದ ಕೆಳಗೆ ಕುಳಿತು ಲೆಕ್ಕ ಬಿಡಿಸುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. “ತಪ್ಪಾಯಿತಪ್ಪಾ” ಎಂದೆ. ಅವನು ಏನೂ ಹೇಳಲಿಲ್ಲ. ಒಳಗೆ ಹೋಗಿ ನೀರು ತಂದುಕೊಟ್ಟ. ತುಸು ಹೊತ್ತಿನ ಮೇಲೆ, “ನಮ್ಮವ್ವ ಅಪ್ಪ ದಿನಾ ಪ್ರಾರ್ಥನಾ ಮಾಡ್ತಾರ್ರಿ. ಆದ್ರೂ ವರ್ಷಾ ವರ್ಷಾ ಯಾಕ ಊರು ಬಿಟ್ಟು ಹೋಗಬೇಕ್ರಿ?” ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಇಂದಿಗೂ ಪೂರ್ತಿ ಉತ್ತರವಿಲ್ಲ. ಈಜಿಪ್ಟಿನ ದಾರಿಯಲ್ಲಿ ನಡೆದ ಒಂದು ಕುಟುಂಬದ ಬಗ್ಗೆ ಮಾತ್ರ ಹೇಳಿದೆ. ದೇವರ ಮಗನೂ ಊರು ಬಿಟ್ಟ ಮನೆಯ ಕೂಸಾಗಿದ್ದ ಎಂದೆ. ಅವನು ಕೇಳಿಸಿಕೊಂಡ.

ಈಗ ಅವನು ಐಟಿಐ ಓದುತ್ತಿದ್ದಾನೆ. ಕೆಲವು ಭಾನುವಾರ ಬರುತ್ತಾನೆ, ಕೆಲವು ಭಾನುವಾರ ಬರುವುದಿಲ್ಲ. ಬಾರದ ವಾರ ನಾನು ಹೋಗುತ್ತೇನೆ. ಎಲ್ಲರ ವಿಷಯದಲ್ಲೂ ಹೀಗಾಗಿಲ್ಲ. ತಡವಾಗಿ ಹೋಗಿ, ಬೀಗ ಹಾಕಿದ ಬಾಗಿಲು ನೋಡಿ ಹಿ೦ದಿರುಗಿದ ಮನೆಗಳೂ ಇವೆ. ಆ ಮಕ್ಕಳನ್ನು ಇಂದಿನ ಬಲಿಪೂಜೆಯಲ್ಲಿ ವಿಶೇಷವಾಗಿ ನೆನೆಯೋಣ.

ದೇವಾಲಯದಲ್ಲಿ ಸಿಕ್ಕಿದ ಆ ಬಾಲಕ ತಂದೆತಾಯಿಯೊಂದಿಗೆ ನಜರೇತಿಗೆ ಇಳಿದು ಬಂದು, ಅವರಿಗೆ ವಿಧೇಯನಾಗಿದ್ದು, ಜ್ಞಾನದಲ್ಲಿಯೂ ದೇಹದಲ್ಲಿಯೂ ಬೆಳೆದು, ದೇವರಿಗೂ ಜನರಿಗೂ ಅಚ್ಚುಮೆಚ್ಚಾದನೆಂದು ಸಂತ ಲೂಕರು ಬರೆಯುತ್ತಾರೆ. ಆ ವಿಧೇಯತೆ ಬೈಗುಳದಿಂದ ಹುಟ್ಟಿದ್ದಲ್ಲ. ತನಗಾಗಿ ಮೂರು ದಿನ ಅಲೆದ ಇಬ್ಬರನ್ನು ಅವನು ಕಂಡಿದ್ದ. ನಮ್ಮ ಮಕ್ಕಳೂ ತಮ್ಮನ್ನು ಹುಡುಕಿಕೊಂಡು ಬಂದವರನ್ನು ಕಾಣಲಿ. ಪವಿತ್ರ ಕುಟುಂಬದ ಆಶೀರ್ವಾದ ಊರಲ್ಲಿರುವ ಮನೆಗಳ ಮೇಲೆಯೂ, ಬೀಗ ಬಿದ್ದ ಮನೆಗಳ ಮೇಲೆಯೂ, ದೂರದ ಶೆಡ್ಡುಗಳಲ್ಲಿ ಮಲಗುವ ನಮ್ಮವರ ಮೇಲೆಯೂ ಇರಲಿ.

ಆಮೆನ್.